ಪರದೆಯಾಚೆಯ ಹಾಜರಿ

ಕೌಲ್ ಬಜಾರ್, ಬಳ್ಳಾರಿ
ಶನಿವಾರ, 3 ಮಾರ್ಚ್ 1894

ಪ್ರೀತಿಯ ಅಣ್ಣನಿಗೆ,

ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ ಎಂಬ ಮಾತನ್ನು ಈ ಪತ್ರದಲ್ಲಿ ಬರೆಯದೇ ಬಿಡುವುದರಲ್ಲಿದ್ದೆ. ಬರೆದಾಯಿತು, ಇನ್ನು ಉಳಿದದ್ದನ್ನು ಸಮಾಧಾನದಿಂದ ಬರೆಯಬಲ್ಲೆ. ನಿನ್ನ ಉಬ್ಬಸ ಹೇಗಿದೆ? ಮದರಾಸಿನ ಕಡಲ ಗಾಳಿ ನಿನಗೆ ಒಗ್ಗುತ್ತಿಲ್ಲ ಎಂದು ಅತ್ತಿಗೆ ಬರೆದಿದ್ದರು. ಅವ್ವ ಓಮಿನ ಕಾಳು ಹುರಿದು ಗಂಟು ಕಟ್ಟಿಟ್ಟಿದ್ದಾಳೆ. ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ಅವಳ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಎಷ್ಟು ಚುರುಕು ಎಂಬುದು ಮುಂದೆ ನಿನಗೇ ತಿಳಿಯುತ್ತದೆ.

ಕಳೆದ ಶನಿವಾರ ನಮ್ಮ ಹೆಣ್ಣುಮಕ್ಕಳ ಶಾಲೆಗಳ ಕಮಿಟಿ ಸೇರಿತ್ತು. ಅದನ್ನು ಕಟ್ಟಿದವನು ನೀನು. ಅದರ ನಿಯಮಗಳನ್ನು ನೀನು ಇಂಗ್ಲಿಷಿನಲ್ಲಿ ಬರೆದೆ, ನಾನು ಕನ್ನಡಕ್ಕೆ ತಂದೆ. ಮರೆತಿರಬಹುದು, ನೆನಪಿಸುತ್ತೇನೆ. ನೀನೂ ಸೇರಿ ಐವರು ಸದಸ್ಯರಲ್ಲಿ ನಾಲ್ವರಾದರೂ ಹಾಜರಿರಬೇಕು. ಒಂದು ಶಾಲೆಯನ್ನು ಮುಚ್ಚುವುದಾದರೆ ಹಾಜರಿದ್ದವರೆಲ್ಲರೂ ಒಪ್ಪಬೇಕು. ನಡಾವಳಿ ಬರೆಯುವವರಿಗೆ, ಅಂದರೆ ನನಗೆ, ಬೇರೆಯದೇ ಒಂದು ಪುಟ ಇತ್ತು: ಸಭೆ ಶುರುವಾದ ಮೇಲೆ, ಮುಗಿಯುವುದರೊಳಗೆ, ಅಲ್ಲಿ ಸದಸ್ಯರ ಬಾಯಿಂದ ಕೇಳಿಬಂದದ್ದನ್ನು ಬರೆಯತಕ್ಕದ್ದು, ಸ್ವಂತ ಊಹೆ ಸೇರಿಸತಕ್ಕದ್ದಲ್ಲ, ಒಮ್ಮೆ ಬರೆದದ್ದನ್ನು ಮುಂದಿನ ಸಭೆಯ ಹೊರತು ಯಾರೂ ತಿದ್ದತಕ್ಕದ್ದಲ್ಲ, ಅಧ್ಯಕ್ಷರೂ ಸಹ. ಆ ಕೊನೆಯ ಎರಡು ಪದಗಳ ಕೆಳಗೆ ಗೆರೆ ಎಳೆದವನೂ ನೀನೇ.

ಅಂದು ಕುರ್ಚಿಗಳ ಮೇಲೆ ಇದ್ದವರು ಅಧ್ಯಕ್ಷರಾದ ಹತ್ತಿ ವ್ಯಾಪಾರಿ ಮೈಲಾರಪ್ಪನವರು, ಅಯ್ಯಣ್ಣ ಮತ್ತು ಗಾದೆಪ್ಪ. ಪಕ್ಕದ ಕೋಣೆಯ ಬಾಗಿಲಿಗೆ ಇಳಿಬಿಟ್ಟ ಪರದೆಯ ಹಿಂದೆ ಖೈರುನ್ನೀಸಾಬೀ. ಸಿರುಗುಪ್ಪದಿಂದ ಎತ್ತಿನ ಗಾಡಿಯಲ್ಲಿ ಹೊರಟು, ಕುರುಗೋಡಿನಲ್ಲಿ ತಂಗಿಯ ಮನೆಯಲ್ಲಿ ರಾತ್ರಿ ಕಳೆದು, ಮೈಕೈ ನೋವು ಮಾಡಿಕೊಂಡು ಬಂದಿದ್ದರು. ಸಿರುಗುಪ್ಪದ ಶಾಲೆ ನಡೆಯುತ್ತಿರುವುದು ಅವರು ಕಮಿಟಿಗೆ ಬರೆದುಕೊಟ್ಟ ಮನೆಯಲ್ಲಿ. ಅದಕ್ಕೇ ಅವರು ಸದಸ್ಯೆ. ಮನೆ ಕೊಟ್ಟ ದಿನ ಈ ಪರದೆಯನ್ನು ಮೈಲಾರಪ್ಪನವರೇ ತಮ್ಮ ಮನೆಯಿಂದ ತರಿಸಿ ಕಟ್ಟಿಸಿದ್ದರು. ಅದರ ಹಿಂದಿನಿಂದ ಬಂದ ದಾನದ ಮಾತಿಗೆ 'ಜಲ್ದಿ ಬರ್ಕೊಳವ್ವಾ' ಎಂದು ನನಗೆ ಅವಸರ ಮಾಡಿದವರೂ ಅವರೇ. ಅಂದು ಆಕೆ ಕಣ್ಣಿಗೆ ಕಾಣಬೇಕೆಂದು ಯಾರೂ ಕೇಳಲಿಲ್ಲ.

ಈ ಸಲ ಮೈಲಾರಪ್ಪನವರು ಮುಂದಿಟ್ಟ ವಿಷಯ ಆ ಶಾಲೆಯನ್ನು ಮುಚ್ಚಿ, ಅದರ ಗ್ರಾಂಟನ್ನೂ ಬೆಂಚುಗಳನ್ನೂ ಬಳ್ಳಾರಿಗೆ ತರುವುದು. 'ಸಿರುಗುಪ್ಪದ ಹುಡುಗ್ಯಾರು ಓದಿ ಯಾವ ಕಚೇರಿ ನಡಸಬೇಕಾಗೈತಿ?' ಎಂದರು. ಗಾದೆಪ್ಪ ನಕ್ಕ. ಖಾಲಿಯಾಗುವ ಮನೆ ಅವರ ಹತ್ತಿ ಅಂಡಿಗೆಗಳನ್ನು ಇಡಲು ಬಹಳ ಅನುಕೂಲವಾದ ಜಾಗದಲ್ಲಿದೆ ಎಂಬುದು ನನ್ನ ಊಹೆ. ಊಹೆಯನ್ನು ನಡಾವಳಿಯಲ್ಲಿ ಬರೆಯುವಂತಿಲ್ಲ, ಅಣ್ಣನಿಗೆ ಬರೆಯಬಹುದು.

ಪರದೆಯ ಹಿಂದಿನಿಂದ ಮಾತು ಬಂತು: 'ಸಾಲಿ ಮುಚ್ಚಾಕ ನನ್ನ ಒಪ್ಪಿಗಿ ಇಲ್ಲ. ಬರ್ಕೊಳ್ರಿ ಸಾವಂತ್ರಮ್ಮ.' ನಾನು ಬರೆದುಕೊಂಡೆ. ಮೈಲಾರಪ್ಪನವರು ನನ್ನ ಲೇಖನಿಯನ್ನೇ ನೋಡುತ್ತ, 'ಕಣ್ಣಿಗೆ ಕಾಣದವರನ್ನ ಹಾಜರ್ ಅಂತ ಹೆಂಗ ಬರೀತಿಯವ್ವಾ? ಪರದಿ ಹಿಂದ ಬೆಕ್ಕು ಐತೋ ಏನೈತೋ' ಎಂದರು. ಆಕೆ ತಡಮಾಡಲಿಲ್ಲ. 'ಬೆಕ್ಕು ಮನಿ ಬರ್ಕೊಡಂಗಿಲ್ರಿ ಮೈಲಾರಪ್ಪನೋರೆ. ಬರ್ಕೊಟ್ಟಾಕಿ ಇಲ್ಲೇ ಅದೀನಿ.' ಅಯ್ಯಣ್ಣ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದ.

ಆಗ ಮೈಲಾರಪ್ಪನವರು ಅಂಗಿಯ ಜೇಬಿನಿಂದ ನಿನ್ನ ಪತ್ರ ತೆಗೆದರು. 'ನನ್ನನ್ನು ಹಾಜರಿದ್ದಂತೆಯೇ ಭಾವಿಸಿ, ನನ್ನ ಒಪ್ಪಿಗೆಯನ್ನೂ ಸೇರಿಸಿಕೊಳ್ಳಿ' ಎಂದು ನೀನು ನಿನ್ನ ದುಂಡು ಅಕ್ಷರದಲ್ಲಿ ಬರೆದಿದ್ದೆ. ಅವರ ಯುಕ್ತಿ ನನಗೆ ಅಲ್ಲೇ ಅರ್ಥವಾಯಿತು. ಖೈರುನ್ನೀಸಾಬೀಯನ್ನು ಸೇರಿಸಿದರೆ ನಾಲ್ವರಾಗುತ್ತಾರೆ, ಆದರೆ ಎಲ್ಲರೂ ಒಪ್ಪಿದಂತಾಗುವುದಿಲ್ಲ. ಬಿಟ್ಟರೆ ಎಲ್ಲರೂ ಒಪ್ಪಿದಂತಾಗುತ್ತದೆ, ಆದರೆ ನಾಲ್ವರಾಗುವುದಿಲ್ಲ. ಆಕೆಯ ಜಾಗಕ್ಕೆ ನಿನ್ನನ್ನು ತಂದು ಕೂರಿಸಿದರೆ ಎರಡೂ ಆಗುತ್ತದೆ. ಮದರಾಸಿನಲ್ಲಿರುವ ನೀನು ಹಾಜರು. ಬಳೆ ಸರಿಸಿಕೊಂಡರೂ ನಮಗೆ ಕೇಳಿಸುತ್ತಿದ್ದ ಆಕೆ ಗೈರು. ಹಾಗೆ ಬರೆಯೆಂದು ಮೈಲಾರಪ್ಪನವರು ಹೇಳಿದರು. ನಾನು ಬರೆದದ್ದು ಹೀಗೆ: 'ಹಾಜರು: ಮೈಲಾರಪ್ಪ, ಅಯ್ಯಣ್ಣ, ಗಾದೆಪ್ಪ; ಪರದೆಯಾಚೆ ಖೈರುನ್ನೀಸಾಬೀ. ಗೈರುಹಾಜರು: ಗವಿಸಿದ್ದಪ್ಪ. ಇವರ ಪತ್ರವನ್ನು ಅಧ್ಯಕ್ಷರು ಓದಿದರು. ಖೈರುನ್ನೀಸಾಬೀ ಒಪ್ಪದ ಕಾರಣ ಶಾಲೆ ಮುಚ್ಚುವ ಸೂಚನೆ ಬಿದ್ದುಹೋಯಿತು.'

ಮರುದಿನ ಸಂಜೆ ಮೈಲಾರಪ್ಪನವರೇ ಮನೆಗೆ ಬಂದರು. ಜಗಲಿಯ ಮೇಲೆ ಕುಳಿತು, ಅವ್ವ ಕೊಟ್ಟ ಮಜ್ಜಿಗೆ ಕುಡಿದು, 'ಒಂದು ಗೆರಿ ಎಳದ್ರ ಮುಗೀತವ್ವಾ. ಶನಿವಾರ ಸಭಾದಾಗ ಗವಿಸಿದ್ದಪ್ಪ ಹಾಜರಿದ್ದ ಅಂತ ಬರಿ. ನಿನಗ ಈ ಕೆಲಸ ಬ್ಯಾಡಾಗಿದ್ರ ಅದನ್ನರ ಹೇಳು, ಬ್ಯಾರೆಯವ್ರು ಸಿಗ್ತಾರ' ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. 'ಏನಂದ್ರಿ? ನನ್ನ ಮಗ ಶನಿವಾರ ಊರಿಗೆ ಬಂದಿದ್ನಾ? ಬಂದು ನನ್ನ ಮಾರಿ ನೋಡದಂಗ ಹೋದನಾ?' ಮೈಲಾರಪ್ಪನವರು ಲೋಟ ಕೆಳಗಿಟ್ಟು, 'ಅಂಗಲ್ಲ ತಾಯಿ, ಬರೇ ಕಾಗದದಾಗ ಬಂದಿದ್ದ' ಎಂದರು. 'ಕಾಗದದಾಗ ಬಂದಾವ ಎಲ್ಲಿ ಉಂಡ?' ಎಂದಳು ಅವ್ವ. ಅವರು ರುಮಾಲು ಸರಿಮಾಡಿಕೊಂಡು ಎದ್ದುಹೋದರು. ಅವ್ವ ತಿಳಿಯದೆ ಕೇಳಿದಳೋ, ತಿಳಿದೇ ಕೇಳಿದಳೋ, ನಾನು ವಿಚಾರಿಸಿಲ್ಲ. ಆದರೆ ಅಂದಿನಿಂದ ಬೀದಿಯಲ್ಲಿ ಗಾಡಿಯ ಸದ್ದಾದರೆ ತಲೆ ಎತ್ತುತ್ತಾಳೆ.

ಈ ವಾರವೆಲ್ಲ ನನ್ನನ್ನು ನಾನು ಕೇಳಿಕೊಂಡಿದ್ದೇನೆ. ಇದು ನ್ಯಾಯವೋ, ಇಂಗ್ಲಿಷ್ ಕಲಿತವಳ ಜಂಬವೋ? ಗಂಡಸರ ಸಭೆಯಲ್ಲಿ ಇಷ್ಟು ವರ್ಷ ತಲೆ ತಗ್ಗಿಸಿ ಬರೆದದ್ದರ ಸೇಡೋ? ಸ್ವಲ್ಪ ಜಂಬವೂ ಇರಬಹುದು, ಇಲ್ಲವೆನ್ನಲಾರೆ. ಆದರೆ ಹೋದ ತಿಂಗಳು ಪರೀಕ್ಷೆ ಮಾಡಲು ಸಿರುಗುಪ್ಪಕ್ಕೆ ಹೋದಾಗ, ಓದಲಿಕ್ಕೆಂದೇ ರಾರಾವಿಯಿಂದ ಬಂದು ಅತ್ತೆಯ ಮನೆಯಲ್ಲಿರುವ ಗುಲ್ಜಾರಬೀ ಎಂಬ ಹುಡುಗಿ ಪಾಠ ಓದುತ್ತಿದ್ದವಳು ನಡುವೆ ನಿಲ್ಲಿಸಿ, 'ಇದು ನನಗ ತಿಳೀವಲ್ದು, ತಿಳಿಯೋ ತನಕ ಮುಂದ ಹೋಗಂಗಿಲ್ಲ' ಎಂದು ನನ್ನ ಮುಖ ನೋಡಿದಳು. ಆ ಮಗುವನ್ನು ಮನೆಗೆ ಕಳಿಸಿ ಶಾಲೆಯ ಮನೆಯಲ್ಲಿ ಹತ್ತಿ ತುಂಬಿಸಲು ನನ್ನ ಕೈಬರಹ ಸಿಗುವುದಿಲ್ಲ. ಕೆಲಸ ಹೋದರೆ ಹೋಗಲಿ.

ಮೈಲಾರಪ್ಪನವರ ವ್ಯಾಜ್ಯಗಳೆಲ್ಲ ಹೈಕೋರ್ಟಿನಲ್ಲಿ ನಿನ್ನ ಕೈಯಲ್ಲಿವೆ, ಅದು ನನಗೆ ಗೊತ್ತು. ಅವರಿಗೆ ಇಲ್ಲವೆನ್ನುವುದು ನಿನಗೆ ಸುಲಭವಲ್ಲ. ಆದರೆ ನಾನು ವಿಧವೆಯಾಗಿ ಮನೆಗೆ ಬಂದ ವರ್ಷ, ಓಣಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ ನನ್ನನ್ನು ಮಿಷನ್ ಶಾಲೆಗೆ ಕರೆದುಕೊಂಡು ಹೋದವನು ನೀನು. 'ಯಾರರ ಏನರ ಅನ್ಲಿ, ನೀ ನಡಿ' ಎಂದಿದ್ದೆ. ನಡೆದಿದ್ದೇನೆ. ಈಗ ನಿಲ್ಲು ಎಂದರೆ ನಿಲ್ಲಲಾರೆ.

ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ಅವ್ವ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಮುಖಕ್ಕೆ ಮುಖ ಕೊಟ್ಟು ಹೇಳುವ ಮಾತು ಇನ್ನೂ ಇದೆಯಂತೆ.

ನಿನ್ನ ತಂಗಿ,
ಸಾವಂತ್ರಮ್ಮ

ತಾ.ಕ.: ನಡಾವಳಿಯ ಪ್ರತಿಯನ್ನು ಸೋಮವಾರ ನಾನೇ ಶಾಲಾ ಇನ್ಸ್‌ಪೆಕ್ಟರ್ ಕಚೇರಿಗೆ ಕೊಟ್ಟುಬರುತ್ತೇನೆ, ಒಂದಕ್ಷರವನ್ನೂ ತಿದ್ದದೆ. ಮುಂದಿನ ಸಭೆ ಹದಿನೇಳನೇ ತಾರೀಖಿಗೆ. ನಿನಗೆ ಆ ಶಾಲೆ ಮುಚ್ಚಬೇಕೆಂದಿದ್ದರೆ ಬಂದು ಕುರ್ಚಿಯಲ್ಲಿ ಕುಳಿತು, ಪರದೆಯ ಕಡೆ ತಿರುಗಿ ಹೇಳು, ಬರೆದುಕೊಳ್ಳುತ್ತೇನೆ. ಬೇಡವೆಂದಿದ್ದರೂ ಬಂದೇ ಹೇಳು. ಬಂದರೆ ಮೊದಲು ಮನೆಗೆ ಬಂದು ಉಂಡು ಹೋಗು. ನಿನ್ನ ತಂತಿ ಬಂದರೆ ನನ್ನ ಮನಸ್ಸು ಅಳ್ಳಾಡೀತು, ನನ್ನನ್ನು ನಾನು ಬಲ್ಲೆ. ಆದ್ದರಿಂದ ನಡಾವಳಿಯ ಪ್ರತಿ ನನ್ನ ಕೈಬಿಟ್ಟು ಹೋದ ಮೇಲೆಯೇ ಈ ಪತ್ರವನ್ನು ಟಪಾಲಿಗೆ ಹಾಕುತ್ತೇನೆ: ಮಂಗಳವಾರ, ಮಾರ್ಚ್ 6ರಂದು.