ಹಳೇ ಡಬ್ಬ ಹದಿನೈದು

ಪುಟ್ಟಿ,

ನೈಟ್ ಡ್ಯೂಟಿಗೆ ಹೊರಟೆ. ಎರಡು ಸಲ ಕೂಗಿದೆ, ಹೆಡ್‌ಫೋನ್ ಹಾಕಿಕೊಂಡು ಕೂತವಳಿಗೆ ಎಲ್ಲಿ ಕೇಳಿಸಬೇಕು? ಹತ್ತಿರ ಬಂದು ಹೇಳೋಣವೆಂದರೆ ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ. ಅದಕ್ಕೇ ಈ ಚೀಟಿ.

ಊಟ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ತಿನ್ನು. ಗ್ಯಾಸ್ ಆಫ್ ಮಾಡು, ಮರೆಯಬೇಡ.

ಮಧ್ಯಾಹ್ನ ನೀನು ಸ್ನಾನಕ್ಕೆ ಹೋದಾಗ ನಿನ್ನ ಗಿಟಾರಿನ ಆ ಹೊಸ ಪೆಟ್ಟಿಗೆಯ ಧೂಳು ಒರೆಸುತ್ತಿದ್ದೆ. "ಎಲ್ಲಾ ಗಿಟಾರ್ ಆಂಪಿನ ಸೌಂಡೂ ಇದರೊಳಗೇ ಇದೆ ಮೇಡಂ" ಅಂದಿದ್ದ ಅಂಗಡಿಯವನು. ಹೆಡ್‌ಫೋನಿನಲ್ಲೇ ನುಡಿಸಬಹುದಂತೆ, ನನಗೋ ಹಗಲು ನಿದ್ದೆ ಬೇಕಿತ್ತು. ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಹಳೇ ಆಂಪ್ ಸ್ಪೀಕರನ್ನು ಇದಕ್ಕೆ ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ.

ಪೆಟ್ಟಿಗೆಯ ಪರದೆಯ ಮೇಲೆ ನೀನು ಉಳಿಸಿಟ್ಟ ಸದ್ದುಗಳ ಹೆಸರು ಕಂಡೆ. ಹಳೇ ಡಬ್ಬ 1, ಹಳೇ ಡಬ್ಬ 2, ಹೀಗೆ ಹದಿನಾಲ್ಕರವರೆಗೆ. ಆ ಆಂಪನ್ನು ಡಬ್ಬ ಎಂದು ಬೈಯುತ್ತಿದ್ದವಳು ನಾನೇ. ಅದೇ ದನಿಗಾಗಿ ಹದಿನಾಲ್ಕು ಸಲ ಹುಡುಕಿದ್ದೀಯಲ್ಲ. ತಕ್ಷಣ ಅಂಗಡಿಗೆ ಫೋನ್ ಮಾಡಿದೆ. "ಅದು ಅವತ್ತೇ ಮಾರಿಹೋಯ್ತಲ್ಲ ಮೇಡಂ" ಅಂದ.

ನನ್ನ ಮಂಚದ ಕೆಳಗೆ ಹೊಸ ಸ್ಪೀಕರ್ ಇದೆ. ಪೆಟ್ಟಿಗೆಗೆ ಸಿಕ್ಕಿಸಿಕೋ. ಹದಿನೈದನೆಯದನ್ನು ನಾಳೆ ಬೆಳಿಗ್ಗೆ ನಾನು ಬಂದು ಮಲಗಿದ ಮೇಲೆ ಮಾಡು, ಜೋರಾಗಿಯೇ. ಡಬ್ಬ ಬಿಸಿಯಾದ ಮೇಲೆ ದನಿ ಸ್ವಲ್ಪ ಒಡೆದು ಬರುತ್ತಿತ್ತು. ನಾಲ್ಕು ವರ್ಷ ಗೋಡೆಯ ಈಚೆ ಮಲಗಿ ಕೇಳಿದವಳು, ನನಗೆ ಗೊತ್ತಾಗುತ್ತದೆ.

ಸರಿಯಾಗಿ ಬಂದ ಕೂಡಲೇ ಗೋಡೆ ಬಡಿಯುತ್ತೇನೆ. ಮೊದಲಿನ ಹಾಗೆ ನಿಲ್ಲಿಸಿಬಿಡಬೇಡ.

ಅಮ್ಮ