ನಾಲ್ಕನೆಯ ಕಾರ್ಯಾಗಾರ

ಗ್ರಂಥಾಲಯದ ಮೇಲಿನ ಮಹಡಿ
ಮಾರ್ಚ್ 14, ಶನಿವಾರ

ಪ್ರೀತಿಯ ಅಣ್ಣಾ,

ಗಂಟಲು ಈಗ ಹೇಗಿದೆ? ಊರೂರು ಸುತ್ತಿ ಮಾತಾಡಿ ಸ್ವರವೇ ಬಿದ್ದುಹೋಗಿದೆ ಎಂದು ಅತ್ತಿಗೆ ಹೇಳಿದರು. ಬಿಸಿನೀರು ಕುಡಿ, ಎರಡು ದಿನ ಬಾಯಿ ಮುಚ್ಚಿಕೊಂಡಿರು. ಇದನ್ನು ಕಾಳಜಿಯಿಂದಲೇ ಹೇಳುತ್ತಿದ್ದೇನೆ. ಕೊಂಕು ಮುಂದೆ ಬರುತ್ತದೆ. ಪಾಪುವಿಗೆ ಹಲ್ಲು ಬಂದದ್ದು ಕೇಳಿ ಖುಷಿಯಾಯಿತು. ಅಮ್ಮ ಆರಾಮಾಗಿದ್ದಾಳೆ. "ಅಣ್ಣ ಸಾಫ್ಟ್‌ವೇರ್ ಮಾರ್ತಾನೆ, ತಂಗಿ ಅದನ್ನ ಕಲಿಸ್ತಾಳೆ" ಎಂದು ಬಂದವರಿಗೆಲ್ಲ ಹೇಳಿ ಬೀಗುತ್ತಾಳೆ. ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಮೂರಕ್ಕೆ ಉತ್ತರ ಕೊಟ್ಟಿರುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಲೂ ಆಗುವುದಿಲ್ಲ.

ನೀನು ಕೊಡಿಸಿದ ಕೆಲಸ ನಡೆಯುತ್ತಿದೆ. ಇಲ್ಲಿಯ ಸಿಬ್ಬಂದಿಗೆ ನಿಮ್ಮ ಕಂಪನಿಯ ಪುಸ್ತಕ ಹುಡುಕುವ ಸಾಫ್ಟ್‌ವೇರ್ ಕಲಿಸಲು ನಾಲ್ಕು ಕಾರ್ಯಾಗಾರ. ಯಾರು ಯಾವತ್ತು ಬರಬೇಕು, ಏನು ಹೇಳಿಕೊಡಬೇಕು ಎಲ್ಲವೂ ನನ್ನ ತಲೆಗೆ. ಕುರ್ಚಿ ಹೊಂದಿಸುವುದು, ಕಂಪ್ಯೂಟರಿಗೆ ವೈರು ಎಳೆಸುವುದು ನನಗೆ ಇಷ್ಟವೇ. ಎದ್ದು ನಿಂತು ಮಾತಾಡುವಾಗ ಮಾತ್ರ ಎದುರಿನವರ ಮುಖ ಬಿಟ್ಟು ಹಿಂದಿನ ಗೋಡೆಯನ್ನು ನೋಡುತ್ತೇನೆ. ಮೊದಲ ದಿನ, ಮನಸ್ಸಿಗೆ ಬಂದದ್ದನ್ನು ಹುಡುಕಿ ನೋಡಿ ಎಂದೆ. ಪುಸ್ತಕ ಕೊಡುವ ಕೌಂಟರಿನವರು "ಅತ್ತೆ ಸೊಸೆ ಜಗಳ" ಎಂದು ಟೈಪ್ ಮಾಡಿದರು. ಏನೂ ಬರಲಿಲ್ಲ. "ನಮ್ಮನೇಲಿ ಹುಡುಕಿದ್ರೆ ರಾಶಿ ಸಿಗ್ತಿತ್ತು" ಎಂದರು, ಎಲ್ಲರೂ ನಕ್ಕರು. ಆಮೇಲೆ "ನಿಮ್ಮಣ್ಣ ಬಂದಾಗ ಏನು ಕೇಳಿದ್ರೂ ಕೊಡ್ತಿತ್ತಲ್ಲಮ್ಮಾ, ನಿನ್ನ ಮೇಲೇನಾದ್ರೂ ಮುನಿಸಾ ಅದಕ್ಕೆ?" ಎಂದು ಕೇಳಿದಾಗ ನಾನು ನಗಲಿಲ್ಲ.

ನೀನು ಮಾರಲು ಬಂದಾಗ ತೋರಿಸಿದ ಆ ಮುನ್ನೂರು ಪುಸ್ತಕಗಳ ಮಾದರಿ ಪಟ್ಟಿಯನ್ನು ಅಂದು ಸಂಜೆ ತೆರೆದು ನೋಡಿದೆ. ಕೆಲಸವಿಲ್ಲದೆ ಮನೆಯಲ್ಲಿದ್ದಾಗ "ಸುಮ್ನೆ ಕೂತಿದೀಯಲ್ಲ, ಈ ಪುಸ್ತಕಗಳಲ್ಲಿ ಏನೇನಿದೆ ಅಂತ ನಾಲ್ಕು ಪದ ಟೈಪ್ ಮಾಡಿಕೊಡು" ಎಂದಿದ್ದೆಯಲ್ಲ, ಅವೇ ಪುಸ್ತಕಗಳು. ಒಂದು ಕಾದಂಬರಿಯ ಎದುರು "ಯಾರೂ ಕ್ಷಮೆ ಕೇಳದ ಮನೆ" ಎಂದಿತ್ತು. ಯಾವ ಯಂತ್ರ ಹಾಗೆ ಹೇಳುತ್ತದೆ ಅಣ್ಣಾ? ಅದು ನನ್ನ ಮಾತು. ಓದಿ ಮುಗಿಸಿ, ಆ ದಿನ ಊಟ ಸೇರದೆ ಬರೆದದ್ದು. ನೀನು ಅದೇ ಪದಗಳನ್ನು ಹುಡುಕಿ ತೋರಿಸಿದಾಗ ಇಲ್ಲಿಯ ಮುಖ್ಯಸ್ಥರು "ಓದಿದವರ ಹಾಗೆ ಹುಡುಕತ್ತಲ್ರೀ ಇದು!" ಎಂದು ಬೆರಗಾದರಂತೆ. ಓದಿದವರು ಇದ್ದರು. ನಿನಗೆ ಅವಳ ವಿಷಯ ಹೇಳಬೇಕೆನಿಸಲಿಲ್ಲ ಅಷ್ಟೇ.

ನನ್ನ ಓದನ್ನು ನೀನು ಯಂತ್ರದ ಬುದ್ಧಿಯೆಂದು ಮಾರಿದ್ದನ್ನು ನುಂಗಿಕೊಳ್ಳುತ್ತಿದ್ದೆ. ಮನೆಯಲ್ಲಿ ನುಂಗಿ ಅಭ್ಯಾಸವಿದೆ. ಆದರೆ ಇಲ್ಲಿ ಕೆಳಗಿನ ಕೋಣೆಯಲ್ಲಿ ಇಬ್ಬರು ಹೆಂಗಸರಿದ್ದಾರೆ. ದೊಡ್ಡವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಅವರ ಜೊತೆಗಾತಿಯದು ಮಾತು ಕಡಿಮೆ, ನನ್ನಂಥವಳು. ಪುಸ್ತಕ ತಿರುವಿ ನೋಡಿ, ಅದು ಯಾವುದರ ಬಗ್ಗೆ ಎಂದು ಕ್ಯಾಟಲಾಗಿಗೆ ಪದ ಸೇರಿಸುವುದು ಅವರ ಕೆಲಸ. ಅವರ ಕೈ ತಾಗಿದ ಪುಸ್ತಕ ನಿನ್ನ ಸಾಫ್ಟ್‌ವೇರಿನಲ್ಲಿ ಥಟ್ಟನೆ ಸಿಗುತ್ತದೆ. ಕೈ ಇನ್ನೂ ತಲುಪದ ಕಪಾಟುಗಳದ್ದು, ಪುಸ್ತಕದ ಹೆಸರು ಗೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. "ಪದಗಳನ್ನೂ ಇದೇ ಹಾಕಿಕೊಳ್ಳುತ್ತೆ ಸರ್, ಜನ ಬೇಕಾಗಿಲ್ಲ" ಎಂದು ನೀನು ಹೇಳಿಹೋದ ಒಂದೇ ಮಾತಿಗೆ ಅವರಿಬ್ಬರನ್ನೂ ಕೆಲಸದಿಂದ ತೆಗೆಯುವ ಕಾಗದ ಸಿದ್ಧವಾಗಿದೆ. ಕೊನೆಯ ಕಾರ್ಯಾಗಾರಕ್ಕೆ ಆಡಳಿತ ಮಂಡಳಿಯವರು ಬಂದು, ನೋಡಿ, ಅಲ್ಲಿಯೇ ಸಹಿ ಹಾಕುತ್ತಾರೆ. "ಆ ಇಬ್ಬರಿಗೆ ಆವತ್ತು ಕುರ್ಚಿ ಬೇಡಮ್ಮ, ಕಲಿತು ಏನು ಮಾಡಬೇಕು ಅವರು" ಎಂದು ಮುಖ್ಯಸ್ಥರು ನನಗೊಬ್ಬಳಿಗೆ ಹೇಳಿದರು. ಅದೇ ಮಧ್ಯಾಹ್ನ ದೊಡ್ಡಮ್ಮ ನನ್ನ ಪಕ್ಕ ಕೂತು "ಪುಟ್ಟೀ, ನಂಗೆ ಬೇಗ ತಲೆಗೆ ಹೋಗಲ್ಲ, ಬೇಜಾರು ಮಾಡ್ಕೋಬೇಡ, ಇನ್ನೊಂದ್ಸಲ ಹೇಳು" ಎಂದರು. ಇನ್ನೊಂದು ಸಲ ಹೇಳಿದೆ.

ಅಂದೇ ನಿನಗೆ ಫೋನ್ ಮಾಡಿದೆ. "ಎಲ್ಲರೂ ಹೀಗೇ ತೋರಿಸೋದು ಕಣೇ. ನೀನು ಗುಂಡಿ ಒತ್ತೋದು ಕಲಿಸು ಸಾಕು, ಊರ ಉಸಾಬರಿ ಯಾಕೆ" ಎಂದು ನೀನು ಫೋನ್ ಇಟ್ಟುಬಿಟ್ಟೆ. ಪದ ಸೇರಿಸುವವರಿಲ್ಲದೆ ಇದು ಹುಡುಕಿಕೊಡುವುದಿಲ್ಲ ಎಂದು ಮುಖ್ಯಸ್ಥರಿಗೂ ಹೇಳಿ ನೋಡಿದೆ. "ನಿನಗೆ ಹೇಳಿಕೊಡಲು ಬರ್ತಿಲ್ಲ, ಅಣ್ಣ ಇದ್ದಿದ್ರೆ ಬೇರೇನೇ ಇರ್ತಿತ್ತು" ಎಂದರು. ಅವರ ಮಾತನ್ನು ಎರಡು ದಿನ ಯೋಚಿಸಿದೆ. ಅವರು ಹೇಳಿದ್ದು ಸರಿ ಎನ್ನಿಸಿತು.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಪಾಪುವಿನ ಹೊಸ ಹಲ್ಲಿಗೊಂದು ಮುತ್ತು ಕೊಡು. ಅಮ್ಮನಿಗೆ ಇದಾವುದನ್ನೂ ನಾನು ಹೇಳಿಲ್ಲ. ಹೇಳುವುದಾದರೆ ನೀನೇ ಹೇಳು, ನಿನಗೆ ಚೆನ್ನಾಗಿ ಹೇಳಲು ಬರುತ್ತದೆ.

ನಿನ್ನ ತಂಗಿ

ಇನ್ನೊಂದು ಮಾತು, ಟಪಾಲಿನ ಹೊತ್ತಾಯಿತು: ನಾಲ್ಕನೆಯ ಕಾರ್ಯಾಗಾರ ಬರುವ ವಾರದ ಶುಕ್ರವಾರ ಬೆಳಿಗ್ಗೆ. ಕಲಿಸುವವನು ನೀನು. ಆಮಂತ್ರಣದಲ್ಲಿ ನಿನ್ನ ಹೆಸರು ಅಚ್ಚಾಗಿ ಎಲ್ಲರ ಕೈ ಸೇರಿದೆ. ಮುಖ್ಯಸ್ಥರಿಗೆ ಹಿಗ್ಗೋ ಹಿಗ್ಗು. ನಿಮ್ಮ ಮ್ಯಾನೇಜರಿಗೆ ಅವರೇ ಫೋನ್ ಮಾಡಿ ಒಪ್ಪಿಸಿದ್ದಾರೆ, ಬರುವುದಿಲ್ಲ ಎನ್ನುವ ಹಾಗಿಲ್ಲ. ಮಂಡಳಿಯವರದು ಮೊದಲ ಸಾಲು. ಬೇಡವೆಂದಿದ್ದ ಆ ಎರಡು ಕುರ್ಚಿಗಳನ್ನು ಅವರ ಹಿಂದೆಯೇ ಹಾಕಿಸಿದ್ದೇನೆ. ಏನು ಹುಡುಕಬೇಕೆಂದು ಕೂತವರೇ ಹೇಳುತ್ತಾರೆ. ಪರದೆಯ ಮೇಲೆ ನಿನ್ನ ಮುನ್ನೂರು ಪುಸ್ತಕ ಇರುವುದಿಲ್ಲ. ಪೂರ್ತಿ ಗ್ರಂಥಾಲಯ ಇರುತ್ತದೆ.