ಕುಳಿಯ ಪಕ್ಕ ನಿಂತವರು

ಅಪ್ಪಾ,

ಐವತ್ತು ದಾಟಿದವರ ಗಾಲ್ಫ್ ಋತುವಿನ ಕೊನೆಯ ಪಂದ್ಯ ಇವತ್ತು ಮುಗಿಯಿತು. ನೀವಿಲ್ಲದ ಮೊದಲ ಋತು. ನೀವು ಕರೆದಾಗಲೆಲ್ಲ ಕೆಲಸದ ನೆಪ ಹೇಳುತ್ತಿದ್ದ ನಾನು, ಇವತ್ತು ಹಗ್ಗದಾಚೆ ನಿಂತು ಪೂರ್ತಿ ಆಟ ನೋಡಿದೆ. ಗೆದ್ದವರು ನಿಮ್ಮ ಹಳೆಯ ಎದುರಾಳಿ, ಊಟಕ್ಕೆ ಕೂತಾಗಲೆಲ್ಲ ನೀವು ಬೈಯುತ್ತಿದ್ದ ಅದೇ ‘ಕೊಕ್ಕರೆ’.

ಕೊನೆಯ ಚೆಂಡು ಕುಳಿಗೆ ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. ಅವರು ಮಾತ್ರ ಚೆಂಡು ಎತ್ತಿಕೊಳ್ಳದೆ, ಯಾರಿಗೋ ಕಾಯುವವರಂತೆ ಕುಳಿಯ ಪಕ್ಕ ನಿಂತೇ ಇದ್ದರು. ಆಮೇಲೆ ಕೋಲೂರಿ ಕಷ್ಟಪಟ್ಟು ಬಗ್ಗಿದರು.

ಕುತೂಹಲ ತಡೆಯಲಾಗದೆ ಹೋಗಿ, ನಿಮ್ಮ ಮಗಳೆಂದು ಹೇಳಿ, ಯಾಕೆ ಹಾಗೆ ನಿಂತಿದ್ದಿರೆಂದು ಕೇಳಿದೆ.

“ನನ್ನ ಮಂಡಿ ಹೋಗಿ ಎಷ್ಟೋ ವರ್ಷ ಆಯ್ತಮ್ಮ. ನಿಮ್ಮಪ್ಪನೇ ಎತ್ತಿಕೊಡ್ತಿದ್ದ. ‘ತಗೋ ಮುದುಕಪ್ಪಾ’ ಅಂತಿದ್ದ, ಸೋತ ದಿನಾನೂ. ಇವತ್ತು ಅಭ್ಯಾಸಬಲ ನೋಡು, ಕಾಯ್ತಾ ನಿಂತುಬಿಟ್ಟೆ.”

“ನಮ್ಮಪ್ಪನಾ? ಸೊಂಟನೋವು ಅಂತ ಮನೇಲಿ ಬಿದ್ದ ಪೇಪರ್ ಕೂಡ ಎತ್ತಿದವರಲ್ಲ!”

“ಅಯ್ಯೋ ಕಳ್ಳ!” ಎಂದು ಅವರು ಜೋರಾಗಿ ನಕ್ಕರು. ಆಮೇಲೆ ಟೋಪಿ ತೆಗೆದು, “ನೀನೊಂದ್ಸಲ ಬಂದು ನೋಡಬೇಕಿತ್ತು” ಎಂದರು.

ದಾರಿಯುದ್ದಕ್ಕೂ ಒಂದೇ ಯೋಚನೆ. ಸೋತ ಸಂಜೆ ಅವರ ಚೆಂಡಿಗಾಗಿ ಬಗ್ಗುವಾಗ ನಿಮ್ಮ ಸೊಂಟ ನಿಜವಾಗಿಯೂ ನೋಯುತ್ತಿತ್ತೇ, ಅಪ್ಪಾ?